ರೋಹಿಣಿಯ ದೂರ ಮತ್ತು ವೇಣು ಬಾಪ್ಪು

ರೋಹಿಣಿ ಎಂದರೆ ನಮ್ಮ ಭಾರತೀನಗರದ ಸುತ್ತಮುತ್ತ ಎಲ್ಲರಿಗೂ ಮೊದಲು ನೆನಪಾಗುವುದು ಮಳೆ. ಮೇ ತಿಂಗಳ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ಬೀಳುವ ಮಳೆಗೆ ರೈತರು ರೋಹಿಣಿ ಮಳೆ ಎನ್ನುತ್ತಾರೆ. ಆದರೆ ರೋಹಿಣಿ ಎಂಬುದು ಆಕಾಶದಲ್ಲಿ ಕಾಣುವ ಒಂದು ನಕ್ಷತ್ರದ ಹೆಸರು. ಜನವರಿ ಕೊನೆಯಲ್ಲಿ ರಾತ್ರಿ ಎಂಟೂಕಾಲರ ಹೊತ್ತಿಗೆ ಅದು ನಮ್ಮ ಊರಿನ ನೆತ್ತಿಯ ಹತ್ತಿರವೇ ಬಂದಿರುತ್ತದೆ, ಸ್ವಲ್ಪ ಕೆಂಪು ಬಣ್ಣ. ಅದರ ಸುತ್ತ ಇಂಗ್ಲಿಷಿನ ವಿ ಅಕ್ಷರದಂತೆ ಕೆಲವು ಸಣ್ಣ ನಕ್ಷತ್ರಗಳಿವೆ. ನಮ್ಮ ದೇಶದ ಹಳೆಯ ಜ್ಯೋತಿಷ್ಯದಲ್ಲಿ ಇದಕ್ಕೆ ರೋಹಿಣಿ ಶಕಟ, ಅಂದರೆ ರೋಹಿಣಿಯ ಬಂಡಿ ಎಂದು ಹೆಸರು. ವಿಜ್ಞಾನದಲ್ಲಿ ಇದು ಹೈಡೀಸ್ ಎಂಬ ನಕ್ಷತ್ರಗುಚ್ಛ. ಇದರ ಪಕ್ಕದ ಕೃತ್ತಿಕೆಗೆ ಉರ್ದುವಿನಲ್ಲಿ ಸುರಯ್ಯಾ ಎನ್ನುತ್ತೇವೆ. ರೋಹಿಣಿಗೆ ಅರಬ್ಬಿಯಲ್ಲಿ ಅಲ್ ದಬರಾನ್, ಅಂದರೆ ಹಿಂದೆ ಬರುವವನು, ಏಕೆಂದರೆ ಅದು ಸುರಯ್ಯಾದ ಹಿಂದೆಯೇ ಮೂಡುತ್ತದೆ. ಇಂಗ್ಲಿಷಿನ ಆಲ್ಡೆಬರಾನ್ ಬಂದದ್ದು ಅದರಿಂದಲೇ.

ಈ ಬಂಡಿ ಎಷ್ಟು ದೂರದಲ್ಲಿದೆ ಎಂದು ತಿಳಿದದ್ದು ಹೇಗೆ, ಆ ದೂರವನ್ನು ಆಧಾರ ಮಾಡಿಕೊಂಡ ಒಂದು ಅಳತೆಗೆ ಭಾರತೀಯರೊಬ್ಬರ ಹೆಸರು ಬಂದದ್ದು ಹೇಗೆ ಎಂಬುದು ಈ ಲೇಖನದ ವಿಷಯ. ಅವರು ಮನಾಲಿ ಕಲ್ಲಟ್ ವೇಣು ಬಾಪ್ಪು, ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು. ಕಾಮರ್ಸ್ ಓದುವ ನಾನು ಇದನ್ನು ಬರೆಯುತ್ತಿರುವುದಕ್ಕೆ ಸೈನ್ಸ್ ವಿಭಾಗದವರು ನಗಬಾರದು. ಓದುತ್ತಾ ಹೋದಂತೆ ಇದರಲ್ಲಿ ನಮ್ಮ ಲೆಕ್ಕಶಾಸ್ತ್ರದ ವಿಷಯವೂ ಇದೆ ಎಂದು ನನಗೆ ಅನ್ನಿಸಿತು.

ಬಾಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು ಮದ್ರಾಸಿನಲ್ಲಿ. ಮನೆತನ ಕೇರಳದ ಉತ್ತರ ಭಾಗದ್ದು, ಬೆಳೆದದ್ದು ಮಾತ್ರ ಹೈದರಾಬಾದಿನಲ್ಲಿ. ಅವರ ತಂದೆಗೆ ಅಲ್ಲಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸಹಾಯಕರ ಕೆಲಸ. ನವಾಬ್ ಜಫರ್ ಜಂಗ್ ಎಂಬ ಶ್ರೀಮಂತರು 1901ರಲ್ಲಿ ಸ್ವಂತ ಆಸಕ್ತಿಯಿಂದ ಅದನ್ನು ಶುರುಮಾಡಿ, ನಿಜಾಮರ ಗೌರವಾರ್ಥ ಆ ಹೆಸರಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ನಿಜಾಮ್ ಸರ್ಕಾರ ಅದನ್ನು ವಹಿಸಿಕೊಂಡಿತು.

ನಿಜಾಮಿಯಾದ ದೊಡ್ಡ ಕೆಲಸ ಒಂದಿತ್ತು. ಪ್ರಪಂಚದ ಹಲವು ವೀಕ್ಷಣಾಲಯಗಳು ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು, ಗಾಜಿನ ಫಲಕಗಳ ಮೇಲೆ ಫೋಟೋ ತೆಗೆದು, ಪ್ರತಿ ನಕ್ಷತ್ರ ಎಲ್ಲಿದೆ ಎಂದು ಅಳೆದು ಪುಸ್ತಕ ಮಾಡುತ್ತಿದ್ದವು. ಹೈದರಾಬಾದಿನ ಪಾಲಿಗೂ ಒಂದು ಪಟ್ಟಿ ಬಂದಿತ್ತು. ಲಕ್ಷಗಟ್ಟಲೆ ನಕ್ಷತ್ರಗಳು, ಒಂದೊಂದಕ್ಕೂ ಎರಡು ಅಂಕಿ. ಕೆಲಸ ಎಷ್ಟೋ ವರ್ಷ ನಡೆಯಿತು. ಇದರಿಂದ ಆ ಕ್ಷಣಕ್ಕೆ ಯಾರಿಗೂ ಏನೂ ಸಿಗುವುದಿಲ್ಲ. ಐವತ್ತು ವರ್ಷ ಬಿಟ್ಟು ಇನ್ನೊಬ್ಬರು ಅದೇ ಜಾಗದ ಫೋಟೋ ತೆಗೆದು ಹಳೆಯದರ ಪಕ್ಕ ಇಟ್ಟಾಗ ಯಾವ ನಕ್ಷತ್ರ ಎಷ್ಟು ಸರಿದಿದೆ ಎಂಬುದು ಗೊತ್ತಾಗುತ್ತದೆ. ತಾನು ನೋಡಲಾರದ ಫಲಕ್ಕಾಗಿ ಬರೆದಿಡುವ ಕೆಲಸ ಅದು. ಬಾಪ್ಪು ಬೆಳೆದದ್ದು ಅಂಥ ಜಾಗದಲ್ಲಿ. ಕಾಲೇಜಿನಲ್ಲಿ ಓದುವಾಗಲೇ ಬೆಳಕು ಹೆಚ್ಚು ಕಡಿಮೆಯಾಗುವ ನಕ್ಷತ್ರಗಳ ಬಗ್ಗೆ ಲೇಖನಗಳನ್ನು ಪ್ರಕಟಿಸಿದರು.

ಇಲ್ಲಿ ಸ್ವಲ್ಪ ನಿಂತು, ನಕ್ಷತ್ರ ಸರಿಯುವುದರಿಂದ ದೂರ ಹೇಗೆ ಸಿಗುತ್ತದೆ ಎಂದು ನೋಡೋಣ.

ಮದ್ದೂರು ರೈಲು ನಿಲ್ದಾಣದಲ್ಲಿ ನಿಂತು ಹಳಿಗಳನ್ನು ನೋಡಿ. ಎರಡು ಹಳಿಗಳ ನಡುವಿನ ಅಂತರ ಎಲ್ಲೂ ಬದಲಾಗುವುದಿಲ್ಲ, ಆದರೂ ದೂರದಲ್ಲಿ ಅವು ಒಂದೇ ಬಿಂದುವಿಗೆ ಸೇರುವಂತೆ ಕಾಣುತ್ತವೆ. ಆ ಬಿಂದು ಯಾವ ದಿಕ್ಕಿನಲ್ಲಿದೆಯೋ ಹಳಿ ಹೋಗುತ್ತಿರುವುದು ಅದೇ ದಿಕ್ಕಿಗೆ. ರೋಹಿಣಿ ಗುಚ್ಛದ ನಕ್ಷತ್ರಗಳೂ ಹೀಗೆಯೇ. ಅವು ಒಟ್ಟಿಗೆ ಹುಟ್ಟಿದವು, ಒಂದೇ ವೇಗದಲ್ಲಿ ಒಂದೇ ದಿಕ್ಕಿಗೆ ಹೋಗುತ್ತಿವೆ. ಅಮೆರಿಕದ ಲೂಯಿಸ್ ಬಾಸ್ ಎಂಬ ಖಗೋಳ ವಿಜ್ಞಾನಿ 1908ರಲ್ಲಿ ಈ ನಕ್ಷತ್ರಗಳ ಚಲನೆಯನ್ನು ಬಾಣದ ಗುರುತಿನಂತೆ ಎಳೆದು ನೋಡಿದಾಗ ಬಾಣಗಳೆಲ್ಲ ಆಕಾಶದ ಒಂದೇ ಬಿಂದುವಿನ ಕಡೆ ತಿರುಗಿದ್ದವು. ಅಂದರೆ ಗುಚ್ಛ ಹೋಗುತ್ತಿರುವ ದಿಕ್ಕು ಗೊತ್ತಾಯಿತು.

ಇನ್ನು ವೇಗ. ಮದ್ದೂರು ಮಳವಳ್ಳಿ ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆಯುತ್ತಾ ನಮ್ಮನ್ನು ದಾಟಿ ಹೋದಾಗ ಅದರ ಸದ್ದು ಇಳಿಯುತ್ತದಲ್ಲ, ಬೆಳಕಿಗೂ ಅದೇ ಆಗುತ್ತದೆ. ದೂರ ಹೋಗುವ ನಕ್ಷತ್ರದ ಬೆಳಕು ಸ್ವಲ್ಪ ಕೆಂಪಿನ ಕಡೆ ಸರಿಯುತ್ತದೆ. ಎಷ್ಟು ಸರಿದಿದೆ ಎಂಬುದರಿಂದ, ಅದು ಸೆಕೆಂಡಿಗೆ ಎಷ್ಟು ಕಿಲೋಮೀಟರ್ ದೂರ ಹೋಗುತ್ತಿದೆ ಎಂದು ಹೇಳಬಹುದು. ಇದಕ್ಕೆ ನಕ್ಷತ್ರದ ದೂರ ಗೊತ್ತಿರಬೇಕಾಗಿಲ್ಲ. ಅದೇ ಇದರ ಅನುಕೂಲ.

ಈಗ ಲೆಕ್ಕ ಮಾಡೋಣ. ಅಂಕಿಗಳನ್ನು ಸುಲಭಕ್ಕಾಗಿ ದುಂಡಾಗಿ ಇಟ್ಟುಕೊಂಡಿದ್ದೇನೆ. ಗುಚ್ಛದ ಒಂದು ನಕ್ಷತ್ರ ನಮ್ಮಿಂದ ಸೆಕೆಂಡಿಗೆ 40 ಕಿ.ಮೀ. ದೂರ ಹೋಗುತ್ತಿದೆ ಎನ್ನಿ. ಆ ನಕ್ಷತ್ರಕ್ಕೂ ಬಾಣಗಳು ಸೇರುವ ಬಿಂದುವಿಗೂ ನಡುವಿನ ಕೋನ 30 ಡಿಗ್ರಿ. ಹತ್ತನೇ ತರಗತಿಯ ತ್ರಿಕೋನಮಿತಿ ಸಾಕು: ಟ್ಯಾನ್ 30 ಅಂದರೆ 0.577, ಹಾಗಾಗಿ ಅದು ಅಡ್ಡಕ್ಕೆ ಸೆಕೆಂಡಿಗೆ 23 ಕಿ.ಮೀ. ಓಡುತ್ತಿದೆ. ವರ್ಷಕ್ಕೆ ಸುಮಾರು 72 ಕೋಟಿ ಕಿ.ಮೀ. ಆಯಿತು. ಇಷ್ಟು ಓಡಿದರೂ ಫೋಟೋದಲ್ಲಿ ಅದು ವರ್ಷಕ್ಕೆ ಸರಿದಂತೆ ಕಾಣುವುದು ಒಂದು ಡಿಗ್ರಿಯ 3600ನೇ ಒಂದು ಭಾಗದಲ್ಲಿ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು. ಮಂಡ್ಯದಲ್ಲಿ ಇಟ್ಟ ಎರಡು ಸೆಂಟಿಮೀಟರ್ ಅಗಲದ ನಾಣ್ಯವನ್ನು ಮೈಸೂರಿನಿಂದ ನೋಡಿದರೆ ಎಷ್ಟು ಅಗಲ ಕಾಣುತ್ತದೋ ಸುಮಾರು ಅಷ್ಟು. 72 ಕೋಟಿ ಕಿ.ಮೀ. ಇಷ್ಟು ಚಿಕ್ಕದಾಗಿ ಕಾಣಬೇಕಾದರೆ ಅದು 14 ಕೋಟಿ ಕೋಟಿ ಕಿ.ಮೀ. ದೂರದಲ್ಲಿರಬೇಕು. ಬೆಳಕು ಒಂದು ವರ್ಷಕ್ಕೆ ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿ.ಮೀ. ಹೋಗುತ್ತದೆ. ಭಾಗಿಸಿದರೆ ಸುಮಾರು 150 ಜ್ಯೋತಿರ್ವರ್ಷ.

ಎಲ್ಲರೂ ತೋರಿಸುವ ಕೆಂಪು ರೋಹಿಣಿ ನಕ್ಷತ್ರ ಈ ಗುಚ್ಛಕ್ಕೆ ಸೇರಿದ್ದಲ್ಲ ಎಂಬುದು ಇನ್ನೊಂದು ತಮಾಷೆ. ಅದು ಕೇವಲ 65 ಜ್ಯೋತಿರ್ವರ್ಷ ದೂರದಲ್ಲಿದೆ. ದಾರಿಯ ಮಧ್ಯೆ ನಿಂತು ಬಂಡಿಯ ಜೊತೆ ಇರುವಂತೆ ಕಾಣುತ್ತದೆ, ಅಷ್ಟೇ.

ಮತ್ತೆ ಬಾಪ್ಪು ಅವರ ಕಡೆ ಬರೋಣ. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. ಸೇರಿದ ಕೆಲವೇ ತಿಂಗಳಲ್ಲಿ, 1949ರ ಜುಲೈ 2ರಂದು, ತಾವು ತೆಗೆದ ಫೋಟೋ ಫಲಕದಲ್ಲಿ ಒಂದು ಹೊಸ ಧೂಮಕೇತುವನ್ನು ಕಂಡುಹಿಡಿದರು. ಅದಕ್ಕೆ ಅವರ ಹೆಸರಿನ ಜೊತೆ ಬಾರ್ಟ್ ಬಾಕ್ ಮತ್ತು ಗಾರ್ಡನ್ ನ್ಯೂಕರ್ಕ್ ಅವರ ಹೆಸರುಗಳೂ ಸೇರಿವೆ. ಆಗ ಬಾಪ್ಪು ಅವರಿಗೆ 22 ತುಂಬಿರಲಿಲ್ಲ. ಪತ್ರಿಕೆಗಳಲ್ಲಿ ಅವರ ಬಗ್ಗೆ ಬರುವ ಲೇಖನಗಳು ಹೆಚ್ಚಾಗಿ ಈ ಧೂಮಕೇತುವಿನಿಂದಲೇ ಶುರುವಾಗುತ್ತವೆ. ನನಗೆ ಅದಕ್ಕಿಂತ ಮುಂದಿನದು ದೊಡ್ಡದು ಅನ್ನಿಸುತ್ತದೆ. ಧೂಮಕೇತು ಸಿಗುವುದರಲ್ಲಿ ಅದೃಷ್ಟವೂ ಇರುತ್ತದೆ.

1952ರಲ್ಲಿ ಪಿಎಚ್.ಡಿ. ಮುಗಿಸಿ ಅವರು ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಿಗೆ ಹೋದರು. ಪ್ರಪಂಚದ ಅತಿ ದೊಡ್ಡ ದೂರದರ್ಶಕಗಳು ಆಗ ಅಲ್ಲಿದ್ದವು. ಅಲ್ಲಿ ಓಲಿನ್ ವಿಲ್ಸನ್ ಎಂಬ ಹಿರಿಯರ ಜೊತೆ ಕೆಲಸ. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿದರೆ ಅದರಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ನೇರಳೆ ಬಣ್ಣದ ಕೊನೆಯಲ್ಲಿ ಕ್ಯಾಲ್ಸಿಯಂನಿಂದ ಆಗುವ ಒಂದು ಅಗಲವಾದ ಕಪ್ಪು ಗೆರೆ ಇದೆ, ಅದಕ್ಕೆ ಕೆ ಗೆರೆ ಎಂದು ಹೆಸರು. ಸೂರ್ಯನಂಥ ಮತ್ತು ಸೂರ್ಯನಿಗಿಂತ ತಂಪಾದ ನಕ್ಷತ್ರಗಳಲ್ಲಿ ಈ ಕಪ್ಪು ಗೆರೆಯ ನಟ್ಟನಡುವೆ ಒಂದು ಸಣ್ಣ ಹೊಳೆಯುವ ಗೆರೆ ಇರುತ್ತದೆ. ಇಬ್ಬರೂ ಸೇರಿ 185 ನಕ್ಷತ್ರಗಳಲ್ಲಿ ಆ ಹೊಳೆಯುವ ಗೆರೆಯ ಅಗಲವನ್ನು ಅಳೆದರು. ನಕ್ಷತ್ರ ನಿಜವಾಗಿ ಎಷ್ಟು ಪ್ರಕಾಶಮಾನವೋ ಆ ಗೆರೆ ಅಷ್ಟು ಅಗಲ ಎಂದು ಗೊತ್ತಾಯಿತು. ಗೆರೆ ಮಂಕಾಗಿರಲಿ, ಜೋರಾಗಿರಲಿ, ಅಗಲಕ್ಕೆ ಅದರಿಂದ ವ್ಯತ್ಯಾಸವಿಲ್ಲ. ಒಂದಕ್ಕಿಂತ ಒಂದು ಹತ್ತು ಲಕ್ಷ ಪಟ್ಟು ಪ್ರಕಾಶ ಇರುವ ನಕ್ಷತ್ರಗಳಿಗೂ ಒಂದೇ ನಿಯಮ. 1957ರಲ್ಲಿ ಇದು ಪ್ರಕಟವಾಯಿತು. ವಿಲ್ಸನ್ ಬಾಪ್ಪು ಪರಿಣಾಮ ಎಂದು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ಇದರಿಂದ ಏನು ಲಾಭ? ರಸ್ತೆಯಲ್ಲಿ ದೂರದ ಬಲ್ಬು ಮಂಕಾಗಿ ಕಂಡರೆ ಅದು ಸಣ್ಣ ಬಲ್ಬೋ, ದೂರದ ದೊಡ್ಡ ಬಲ್ಬೋ ಹೇಳುವುದು ಕಷ್ಟ. ಬಲ್ಬಿನ ಮೇಲೆ ಎಷ್ಟು ವ್ಯಾಟ್ ಎಂದು ಬರೆದಿರುವುದನ್ನು ಓದಲು ಸಾಧ್ಯವಾದರೆ, ಕಾಣುವ ಬೆಳಕನ್ನು ಅದಕ್ಕೆ ಹೋಲಿಸಿ ದೂರ ಹೇಳಬಹುದು. ಎರಡು ಪಟ್ಟು ದೂರವಾದರೆ ಬೆಳಕು ನಾಲ್ಕನೇ ಒಂದು ಭಾಗ. ಕೆ ಗೆರೆಯ ಅಗಲ ನಕ್ಷತ್ರದ ಮೇಲೆ ಬರೆದ ವ್ಯಾಟ್ ಇದ್ದಂತೆ. ಚಲನೆಯಿಂದ ದೂರ ಅಳೆಯುವ ಬಾಸ್ ಅವರ ವಿಧಾನ ಹತ್ತಿರದ, ಒಟ್ಟಿಗೆ ಓಡುವ ಗುಚ್ಛಗಳಿಗೆ ಮಾತ್ರ ಸಾಧ್ಯ. ಬಾಪ್ಪು ಮತ್ತು ವಿಲ್ಸನ್ ಅವರ ವಿಧಾನ ಒಂಟಿ ನಕ್ಷತ್ರಕ್ಕೂ ಆಗುತ್ತದೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟು ಅಗಲಕ್ಕೆ ಇಷ್ಟು ವ್ಯಾಟ್ ಎಂದು ಮೊದಲು ನಿಗದಿ ಮಾಡುವವರು ಯಾರು? ಅಂಗಡಿಯ ತಕ್ಕಡಿ ಎಷ್ಟೇ ಒಳ್ಳೆಯದಿದ್ದರೂ ಸೀಲು ಹಾಕಿದ ತೂಕದ ಕಲ್ಲು ಬೇಕಲ್ಲ. 1959ರಲ್ಲಿ ವಿಲ್ಸನ್ ಅದಕ್ಕೆ ಬಳಸಿದ್ದು ಸೂರ್ಯನನ್ನು, ಮತ್ತು ರೋಹಿಣಿ ಗುಚ್ಛದ ನಾಲ್ಕು ದೊಡ್ಡ ನಕ್ಷತ್ರಗಳನ್ನು. ವಿ ಆಕಾರದಲ್ಲಿ ಬರಿಗಣ್ಣಿಗೇ ಕಾಣುವ ನಕ್ಷತ್ರಗಳು ಅವು. ಅವುಗಳ ದೂರ ಚಲನೆಯಿಂದ ಗೊತ್ತಿತ್ತು, ಆದ್ದರಿಂದ ನಿಜವಾದ ಪ್ರಕಾಶವೂ ಗೊತ್ತಿತ್ತು. ನಮ್ಮ ಅಕೌಂಟೆನ್ಸಿಯಲ್ಲಿ ಓಪನಿಂಗ್ ಬ್ಯಾಲೆನ್ಸ್ ತಪ್ಪಿದರೆ ಮುಂದಿನ ಪುಟಗಳೆಲ್ಲ ಅಷ್ಟೇ ತಪ್ಪುತ್ತವೆ. ಇಲ್ಲಿಯೂ ಹಾಗೆಯೇ. 1950ರ ದಶಕದಲ್ಲಿ ರೋಹಿಣಿ ಗುಚ್ಛದ ದೂರ ಸುಮಾರು 130 ಜ್ಯೋತಿರ್ವರ್ಷ ಎಂದು ಇಟ್ಟುಕೊಂಡಿದ್ದರು. ಹಿಪ್ಪಾರ್ಕಸ್ ಉಪಗ್ರಹದ ಅಳತೆ 1990ರ ದಶಕದಲ್ಲಿ ಬಂದಾಗ ಅದು 151 ಎಂದಾಯಿತು, ಈಚಿನ ಗಾಯಾ ಉಪಗ್ರಹದ ಪ್ರಕಾರ 153. ದೂರ ಇಷ್ಟು ಬದಲಾದರೆ ನಿಜವಾದ ಪ್ರಕಾಶದ ಲೆಕ್ಕ ಮೂರನೇ ಒಂದು ಭಾಗದಷ್ಟು ಏರುತ್ತದೆ. ಬಾಪ್ಪು ಕಂಡುಕೊಂಡ ನಿಯಮ ಬಿದ್ದುಹೋಗಲಿಲ್ಲ, ಆದರೆ ಅಳತೆಪಟ್ಟಿಯ ಮೇಲಿನ ಗುರುತುಗಳನ್ನು ಮುಂದಿನವರು ಹೊಸದಾಗಿ ಹಾಕಬೇಕಾಯಿತು.

ಕ್ಯಾಲಿಫೋರ್ನಿಯಾದಲ್ಲೇ ಉಳಿದಿದ್ದರೆ ಬಾಪ್ಪು ಏನೇನು ಮಾಡುತ್ತಿದ್ದರೋ. ಅವರು 1953ರಲ್ಲಿ ವಾಪಸ್ ಬಂದರು. ಇಲ್ಲಿ ಆಗ ಅವರ ಕೆಲಸಕ್ಕೆ ಬೇಕಾದಂಥ ದೂರದರ್ಶಕ ಒಂದೂ ಇರಲಿಲ್ಲ. ಕ್ರಿಕೆಟ್ ಆಟಗಾರನೊಬ್ಬ ಬ್ಯಾಟ್ ಇಲ್ಲದ ಊರಿಗೆ ಬಂದು, ಮೊದಲು ಮರ ನೆಟ್ಟಂತೆ ಇದು. ವಾರಾಣಸಿಯಲ್ಲಿ ಆಗಷ್ಟೇ ಶುರುವಾಗಿದ್ದ ಉತ್ತರ ಪ್ರದೇಶ ಸರ್ಕಾರದ ವೀಕ್ಷಣಾಲಯದ ಹೊಣೆ ಹೊತ್ತು ಅದನ್ನು ನೈನಿತಾಲಿನ ಬೆಟ್ಟಕ್ಕೆ ತಂದರು. 1960ರಲ್ಲಿ, 33ನೇ ವಯಸ್ಸಿಗೆ, ತಮಿಳುನಾಡಿನ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು.

ಕೊಡೈಕೆನಾಲ್ ಸೂರ್ಯನನ್ನು ನೋಡುವ ವೀಕ್ಷಣಾಲಯ. 20ನೇ ಶತಮಾನದ ಆರಂಭದಿಂದಲೂ ಅಲ್ಲಿ ಅದೇ ಕೆ ಗೆರೆಯ ಬೆಳಕಿನಲ್ಲಿ ಸೂರ್ಯನ ಫೋಟೋ ತೆಗೆದಿಡುತ್ತಿದ್ದರು. ನಕ್ಷತ್ರಗಳನ್ನು ನೋಡಲು ದೊಡ್ಡ ದೂರದರ್ಶಕ ಇಲ್ಲದಿದ್ದರೇನು, ಸೂರ್ಯನೂ ನಕ್ಷತ್ರವೇ. ಅದರ ದೂರದ ಬಗ್ಗೆ ಅನುಮಾನವೂ ಇಲ್ಲ. ಆ ಹೊಳೆಯುವ ಗೆರೆ ಸೂರ್ಯನ ಮೇಲ್ಮೈಯ ಯಾವ ಭಾಗದಿಂದ ಬರುತ್ತದೆ ಎಂದು ಬಾಪ್ಪು ಅಲ್ಲಿ ಹುಡುಕಿದರು. ಸಹೋದ್ಯೋಗಿ ಶಿವರಾಮನ್ ಅವರ ಜೊತೆ 1971ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಸೂರ್ಯನ ಮೇಲಿನ ಸಣ್ಣ ಸಣ್ಣ ಪ್ರಕಾಶದ ಚುಕ್ಕೆಗಳಿಗೂ ಗೆರೆಯ ಅಗಲಕ್ಕೂ ಸಂಬಂಧವಿದೆ ಎಂದು ತೋರಿಸಿದರು. ಅವರ ಜೀವನದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ. ಇಲ್ಲದ್ದಕ್ಕೆ ಕಾಯುತ್ತಾ ಕೂರದೆ ಅಂಗಳದಲ್ಲಿದ್ದ ಸೂರ್ಯನನ್ನೇ ಕೇಳಿದರು.

ಅದರ ಜೊತೆಗೇ ದೂರದರ್ಶಕಕ್ಕೆ ಜಾಗ ಹುಡುಕುವುದೂ ನಡೆದಿತ್ತು. ಮೋಡ ಕಡಿಮೆ ಇರಬೇಕು, ಊರಿನ ದೀಪ ಬೀಳಬಾರದು, ದಕ್ಷಿಣ ಆಕಾಶವೂ ಚೆನ್ನಾಗಿ ಕಾಣಬೇಕು. ಕೊನೆಗೆ ಸಿಕ್ಕಿದ್ದು ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕಾವಲೂರು. ಹತ್ತಿರದ ದೊಡ್ಡ ಊರು ವಾಣಿಯಂಬಾಡಿ. ಚರ್ಮದ ವ್ಯಾಪಾರ ಮತ್ತು ಉರ್ದು ಮಾತಿನಿಂದಾಗಿ ವಾಣಿಯಂಬಾಡಿಯ ಹೆಸರು ನಮ್ಮ ಮನೆಗಳಲ್ಲಿ ಎಲ್ಲರೂ ಕೇಳಿರುತ್ತಾರೆ, ಆದರೆ ಅದರ ಮೇಲಿನ ಬೆಟ್ಟದಲ್ಲಿ ಏನಿದೆ ಎಂದು ಎಷ್ಟು ಜನರಿಗೆ ಗೊತ್ತು? ಕಾವಲೂರು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಭಾರತೀನಗರವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅಲ್ಲಿ ನೆತ್ತಿಯ ಮೇಲೆ ಹಾದುಹೋಗುವ ನಕ್ಷತ್ರಗಳೇ ಕಾಲು ಗಂಟೆಯೊಳಗೆ ನಮ್ಮ ನೆತ್ತಿಯ ಮೇಲೂ ಹಾದುಹೋಗುತ್ತವೆ.

1968ರಲ್ಲಿ ಅಲ್ಲಿ 38 ಸೆಂಟಿಮೀಟರ್ ಕನ್ನಡಿಯ ದೂರದರ್ಶಕ ಕೆಲಸ ಶುರುಮಾಡಿತು. 1972ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಒಂದು ಮೀಟರ್ ದೂರದರ್ಶಕ ಬಂತು. ನಡುವೆ, 1971ರಲ್ಲಿ, ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತ ಸಂಸ್ಥೆಯಾಯಿತು. 1975ರಲ್ಲಿ ಅದರ ಕೇಂದ್ರ ಬೆಂಗಳೂರಿಗೆ ಬಂತು.

ಇಷ್ಟಕ್ಕೆ ಅವರಿಗೆ ತೃಪ್ತಿ ಇರಲಿಲ್ಲ. ಇನ್ನೂ ದೊಡ್ಡ ದೂರದರ್ಶಕ ಬೇಕು, ಅದನ್ನು ಹೊರದೇಶದಿಂದ ಕೊಳ್ಳದೆ ಇಲ್ಲೇ ಮಾಡಬೇಕು ಎಂಬುದು ಅವರ ಹಟ. ಕೊಂಡರೆ ಬೇಗ ಬರುತ್ತದೆ, ಮಾಡಿದರೆ ತಡವಾಗುತ್ತದೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಕೊಳ್ಳುವುದೇ ಸರಿ ಎಂದು ಯಾರಾದರೂ ವಾದಿಸಬಹುದು. ಆದರೆ ಕೊಂಡ ಯಂತ್ರದ ಜೊತೆ ಅದನ್ನು ಮಾಡುವ ಕೈ ಬರುವುದಿಲ್ಲ. 2.34 ಮೀಟರ್ ಅಗಲದ ಗಾಜಿನ ಬಿಲ್ಲೆ ಜರ್ಮನಿಯಿಂದ ಬಂತು, ಉಜ್ಜಿ ನಯಗೊಳಿಸಿ ಕನ್ನಡಿ ಮಾಡಿದ್ದು ಬೆಂಗಳೂರಿನ ಪ್ರಯೋಗಾಲಯದಲ್ಲಿ. ಆ ಕನ್ನಡಿಯನ್ನು ಹೊತ್ತು ತಿರುಗುವ ಕಬ್ಬಿಣದ ಚೌಕಟ್ಟನ್ನು ಮಾಡಿದ್ದು ಮಹಾರಾಷ್ಟ್ರದ ವಾಲ್‌ಚಂದ್‌ನಗರ ಇಂಡಸ್ಟ್ರೀಸ್. ಸಕ್ಕರೆ ಕಾರ್ಖಾನೆಯ ಯಂತ್ರಗಳಿಗೆ ಹೆಸರಾದ ಕಂಪನಿ ಅದು. ಕಬ್ಬಿನ ಊರಿನವರಾದ ನಮಗೆ ಇದು ಸಂತೋಷದ ವಿಷಯವಲ್ಲವೇ! ಕಬ್ಬು ಅರೆಯುವ ಗಾಣ ಮಾಡುವವರೇ ನಕ್ಷತ್ರ ನೋಡುವ ಯಂತ್ರವನ್ನೂ ಮಾಡಿದರು.

1979ರಲ್ಲಿ ಬಾಪ್ಪು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯ ಅವರು. 1981ರಲ್ಲಿ ಪದ್ಮಭೂಷಣ ಬಂತು. 1982ರ ಆಗಸ್ಟ್‌ನಲ್ಲಿ ಗ್ರೀಸ್ ದೇಶದ ಪತ್ರಾಸ್‌ನಲ್ಲಿ ಒಕ್ಕೂಟದ ಮಹಾಸಭೆ. ಅಧ್ಯಕ್ಷರಾಗಿ ಅವರು ಅಲ್ಲಿರಬೇಕಿತ್ತು. ಬದಲಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಯಿತು, ಆಗಸ್ಟ್ 19ರಂದು ಅಲ್ಲೇ ತೀರಿಕೊಂಡರು. 55 ವರ್ಷ ತುಂಬಿ ಒಂಬತ್ತು ದಿನವಾಗಿತ್ತು. ದೊಡ್ಡ ದೂರದರ್ಶಕದ ಕೆಲಸ ಇನ್ನೂ ಮುಗಿದಿರಲಿಲ್ಲ. ಅದರೊಳಗೆ ಕಣ್ಣಿಟ್ಟು ಒಂದು ರಾತ್ರಿಯೂ ಅವರು ಆಕಾಶ ನೋಡಲಿಲ್ಲ.

ಜೊತೆಗಿದ್ದವರು ಮುಗಿಸಿದರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಅದನ್ನು ಉದ್ಘಾಟಿಸಿ ವೇಣು ಬಾಪ್ಪು ದೂರದರ್ಶಕ ಎಂದು ಹೆಸರಿಟ್ಟರು. ಆಗ ಅದು ದೇಶದ ಅತಿ ದೊಡ್ಡ ದೂರದರ್ಶಕ. ಕಾವಲೂರಿನ ವೀಕ್ಷಣಾಲಯಕ್ಕೂ ಅವರದೇ ಹೆಸರು.

ನಮ್ಮ ಕಾಲೇಜಿನಿಂದ ಅಲ್ಲಿಗೆ ಹೋಗುವುದು ಕಷ್ಟವಲ್ಲ. ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೋಗುವ ರೈಲಿನಲ್ಲಿ ವಾಣಿಯಂಬಾಡಿಯಲ್ಲಿ ಇಳಿದು, ಆಲಂಗಾಯಂ ದಾರಿಯಲ್ಲಿ ಬೆಟ್ಟ ಹತ್ತಿದರೆ ಕಾವಲೂರು. ಶೈಕ್ಷಣಿಕ ಪ್ರವಾಸಕ್ಕೆ ಸ್ಥಳಗಳ ಪಟ್ಟಿ ಮಾಡುವಾಗ ಮೇಷ್ಟ್ರುಗಳು ಇದನ್ನೂ ನೋಡಬೇಕೆಂದು ವಿನಂತಿ, ಕಾಮರ್ಸ್ ವಿಭಾಗದವರನ್ನೂ ಸೇರಿಸಿ.